ಹಳೆಯ ಆಟೋಮ್ಯಾಟಿಕ್ ಕಾರಿನ ಗೇರು ದೋಷ: ಲಕ್ಷಣದಿಂದ ಕಾರಣದವರೆಗೆ ಒಂದು ಪಾಠ

ತರಗತಿ: 9
ವಿಷಯ: ವಿಜ್ಞಾನ
ಅವಧಿ: 40 ನಿಮಿಷಗಳ 2 ಅವಧಿಗಳು
ಪೂರ್ವಜ್ಞಾನ: 8ನೇ ತರಗತಿಯ ‘ಬಲ ಮತ್ತು ಒತ್ತಡ’
ಬೋಧನೋಪಕರಣಗಳು: ಸೂಜಿ ತೆಗೆದ ಎರಡು ಸಿರಿಂಜುಗಳು, ಪ್ಲಾಸ್ಟಿಕ್ ಕೊಳವೆ, ಬಣ್ಣದ ನೀರು, ಎರಡು ಟೇಬಲ್ ಫ್ಯಾನುಗಳು

ಪಾಠದ ಅಗತ್ಯ

ಕೆ.ಬಿ. ಬಡಾವಣೆಯ ಸುತ್ತಲಿನ ಮಕ್ಕಳಲ್ಲಿ ಕೆಲವರ ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳಿವೆ. ಕೆಲವರ ತಂದೆ ಬಾಡಿಗೆ ಕಾರು ಓಡಿಸುತ್ತಾರೆ. ಹಳೆಯ ಆಟೋಮ್ಯಾಟಿಕ್ ಕಾರು ಗೇರು ಬದಲಿಸಲು ತಡಮಾಡಿದರೆ ‘ಗೇರ್‌ಬಾಕ್ಸ್ ಹೋಯ್ತು’ ಎಂಬ ಮಾತೇ ಮೊದಲು ಬರುತ್ತದೆ. ಅದನ್ನು ನಂಬಿ ಗೇರ್‌ಬಾಕ್ಸ್ ಬಿಚ್ಚಿಸಿದರೆ ಕುಟುಂಬದ ಉಳಿತಾಯ ಕರಗುತ್ತದೆ. ನಿಜವಾದ ದೋಷ ಕಡಿಮೆಯಾದ ಎಣ್ಣೆ ಅಥವಾ ಸಡಿಲವಾದ ಕೇಬಲ್ ಆಗಿದ್ದರೆ ಆ ಖರ್ಚೆಲ್ಲ ವ್ಯರ್ಥ. ಲಕ್ಷಣವೇ ಕಾರಣವಲ್ಲ, ಪರೀಕ್ಷಿಸದೆ ತೀರ್ಪು ಕೊಡಬಾರದು ಎಂಬುದನ್ನು ಮಕ್ಕಳು ಅರಿಯುವುದು ಈ ಪಾಠದ ಗುರಿ.

ಪ್ರವೇಶ

ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಗೇರುಗಳಿರುವ ಲೇತಿನಲ್ಲಿ ವೇಗ ಬದಲಿಸಲು ಕೆಲಸಗಾರ ಕೈಯಿಂದ ಲಿವರ್ ಸರಿಸಬೇಕು. ‘ಆಟೋಮ್ಯಾಟಿಕ್ ಕಾರಿನಲ್ಲಿ ಲಿವರ್ ಸರಿಸುವ ಆ ಕೈ ಯಾವುದು?’ ಎಂದು ತರಗತಿಗೆ ಕೇಳಿದೆ. ಮಕ್ಕಳು ‘ಕರೆಂಟು’, ‘ಕಂಪ್ಯೂಟರ್’ ಎಂದರು. ಉತ್ತರವನ್ನು ಚಟುವಟಿಕೆಯಿಂದ ಕಂಡುಕೊಳ್ಳಲು ಬಿಟ್ಟೆ.

ಅನ್ವೇಷಣೆ

ಚಟುವಟಿಕೆ 1: ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಚಾಲೂ ಮಾಡಿದಾಗ ಅದರ ಗಾಳಿಗೆ ಇನ್ನೊಂದೂ ತಿರುಗಿತು. ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆ ಇರುತ್ತದೆ. ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಸಾಗುತ್ತದೆ.

ಚಟುವಟಿಕೆ 2: ಕೊಳವೆಯಿಂದ ಜೋಡಿಸಿದ ಸಿರಿಂಜುಗಳಲ್ಲಿ ನೀರು ಪೂರ್ತಿ ತುಂಬಿದ್ದಾಗ ಒಂದನ್ನು ಒತ್ತಿದರೆ ಇನ್ನೊಂದು ಕೂಡಲೇ ಸರಿಯಿತು. ಸ್ವಲ್ಪ ನೀರು ತೆಗೆದು ಗಾಳಿ ಸೇರಿಸಿದಾಗ ಅದು ತಡವಾಗಿ, ಮೆತ್ತಗೆ ಸರಿಯಿತು. ಗಾಳಿ ಕುಗ್ಗುತ್ತದೆ, ನೀರು ಹೆಚ್ಚುಕಡಿಮೆ ಕುಗ್ಗುವುದಿಲ್ಲ. ಗೇರ್‌ಬಾಕ್ಸಿನಲ್ಲಿ ಎಣ್ಣೆ ಕಡಿಮೆಯಾದಾಗ ಪಂಪು ಗಾಳಿಯನ್ನೂ ಎಳೆದುಕೊಳ್ಳುವುದರಿಂದ ಅಲ್ಲಿಯೂ ಹೀಗೇ ಆಗುತ್ತದೆ.

ವಿವರಣೆ

ಗೇರು ಹಿಡಿಯಬೇಕಾದರೆ ಎಣ್ಣೆಯ ಒತ್ತಡವು ಪಿಸ್ಟನ್ ಮೂಲಕ ಕ್ಲಚ್ ಪ್ಲೇಟುಗಳನ್ನು ಬಿಗಿಯಾಗಿ ಅದುಮಬೇಕು. ಬಲ = ಒತ್ತಡ × ವಿಸ್ತೀರ್ಣ. ಉದಾಹರಣೆಗೆ, ಒತ್ತಡ 5,00,000 ಪಾಸ್ಕಲ್, ಪಿಸ್ಟನ್ನಿನ ವಿಸ್ತೀರ್ಣ 0.01 ಚದರ ಮೀಟರ್ ಆದರೆ ಬಲ 5,000 ನ್ಯೂಟನ್. ಒತ್ತಡ ಅರ್ಧಕ್ಕೆ ಇಳಿದರೆ ಬಲವೂ 2,500 ನ್ಯೂಟನ್ನಿಗೆ ಇಳಿಯುತ್ತದೆ. ಆಗ ಪ್ಲೇಟುಗಳು ಜಾರಬಹುದು. ಎಂಜಿನ್ ಜೋರಾಗಿ ಕೂಗಿದರೂ ಕಾರಿನ ವೇಗ ಏರುವುದಿಲ್ಲ. ಜಾರಿಕೆಯ ಘರ್ಷಣೆಯಿಂದ ಶಾಖ ಹೆಚ್ಚಿ ಪ್ಲೇಟು ಸವೆಯುತ್ತದೆ, ಎಣ್ಣೆಯೂ ಸುಡುತ್ತದೆ.

ಇಲ್ಲೊಂದು ಎಚ್ಚರಿಕೆ. ಎಲ್ಲ ಆಟೋಮ್ಯಾಟಿಕ್ ಕಾರುಗಳೂ ಒಂದೇ ಬಗೆಯವಲ್ಲ. ಹಳೆಯ ಮಾರುತಿ ಜೆನ್ ಆಟೋಮ್ಯಾಟಿಕ್, ಹುಂಡೈ ಐ10 ಆಟೋಮ್ಯಾಟಿಕ್ ಕಾರುಗಳಲ್ಲಿ ಟಾರ್ಕ್ ಕನ್ವರ್ಟರ್ ಇದೆ. 2014ರಲ್ಲಿ ಬಂದ ಮಾರುತಿ ಸೆಲೆರಿಯೊದ ಎಎಂಟಿಯಲ್ಲಿ ಇರುವುದು ಸಾಮಾನ್ಯ ಗೇರ್‌ಬಾಕ್ಸ್. ಅದರ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಒತ್ತುತ್ತದೆ. ಈ ಪಾಠದ ಪರೀಕ್ಷೆಗಳು ಟಾರ್ಕ್ ಕನ್ವರ್ಟರ್ ಇರುವ ಕಾರಿಗೆ ಮಾತ್ರ ಅನ್ವಯಿಸುತ್ತವೆ.

ವಿಸ್ತರಣೆ: ಪ್ರಶ್ನೆಗಳ ಮೂಲಕ ದೋಷ ಹುಡುಕುವುದು

‘ರಾತ್ರಿ ಮನೆಯ ದೀಪ ಆರಿದರೆ ಮೊದಲು ಏನು ನೋಡುತ್ತೀರಿ?’ ಎಂದೆ. ‘ಪಕ್ಕದ ಮನೇಲಿ ಕರೆಂಟ್ ಐತಾ ಅಂತ ನೋಡ್ತೀವಿ ಸಾರ್’ ಎಂಬ ಉತ್ತರ ಬಂತು. ಇಡೀ ಬೀದಿ ಕತ್ತಲಾದರೆ ಬಲ್ಬು ಬದಲಿಸುವವರಿಲ್ಲ. ಅದೇ ತರ್ಕವನ್ನು ಕಾರಿಗೆ ಅನ್ವಯಿಸಿ ಕಪ್ಪುಹಲಗೆಯ ಮೇಲೆ ಹೀಗೆ ಬರೆದೆವು:

1. ಎಲ್ಲ ಗೇರುಗಳಲ್ಲೂ ಜಾರುತ್ತಿದೆಯೇ? ಹಾಗಿದ್ದರೆ ಎಲ್ಲಕ್ಕೂ ಸಂಬಂಧಿಸಿದ ಭಾಗವನ್ನು ಶಂಕಿಸಬೇಕು: ಎಣ್ಣೆಯ ಮಟ್ಟ, ಫಿಲ್ಟರ್, ಪಂಪು.
2. ಒಂದೇ ಗೇರಿನಲ್ಲಿ ಜಾರುತ್ತಿದೆಯೇ? ಆ ಗೇರಿನ ಕ್ಲಚ್, ಬ್ಯಾಂಡ್ ಅಥವಾ ಅದಕ್ಕೆ ಎಣ್ಣೆ ಬಿಡುವ ವಾಲ್ವನ್ನು ನೋಡಬೇಕು.
3. ‘ಡಿ’ ಅಥವಾ ‘ಆರ್’ಗೆ ಹಾಕಿದ ಮೇಲೆ ಕಾರು ತಡವಾಗಿ ಹೊರಡುತ್ತಿದೆಯೇ? ಮೊದಲು ಎಣ್ಣೆಯ ಮಟ್ಟ ನೋಡಬೇಕು.
4. ಗೇರು ತೀರ ತಡವಾಗಿ ಅಥವಾ ತೀರ ಬೇಗ ಬದಲಾಗುತ್ತಿದೆಯೇ? ಹಳೆಯ ಮಾದರಿಗಳಲ್ಲಿ ಥ್ರಾಟಲ್ ಕೇಬಲ್ಲಿನ ಹೊಂದಾಣಿಕೆ ನೋಡಬೇಕು.
5. ಒಂದೇ ಗೇರಿನಲ್ಲಿ ನಿಂತುಬಿಟ್ಟಿದೆಯೇ? ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಕಾರು ತೊಂದರೆ ಕಂಡಾಗ ತನ್ನ ರಕ್ಷಣೆಗೆ ಹೀಗೆ ಮಾಡಬಹುದು. ಸ್ಕ್ಯಾನರಿನಿಂದ ದೋಷದ ಕೋಡ್ ಓದಿಸಬೇಕು.

ಎಣ್ಣೆಯೂ ಸುಳಿವು ಕೊಡುತ್ತದೆ. ಸಾಮಾನ್ಯವಾಗಿ ಹೊಸ ಎಣ್ಣೆ ಕೆಂಪಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸವೆದಿರುವ ಸಂಭವ ಹೆಚ್ಚು. ಹಾಲು ಬೆರೆಸಿದಂತೆ ನಸುಗೆಂಪಾಗಿದ್ದರೆ ನೀರು ಸೇರಿದೆ. ರೇಡಿಯೇಟರಿನೊಳಗಿನ ಎಣ್ಣೆ ತಂಪು ಮಾಡುವ ಭಾಗ ಸೋರಿರಬಹುದು.

ಮಟ್ಟ ನೋಡುವ ಕ್ರಮವೂ ಮುಖ್ಯ. ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಎಣ್ಣೆ ಬಿಸಿಯಾಗಿರಬೇಕು. ಅನೇಕ ಕಾರುಗಳಲ್ಲಿ ಎಂಜಿನ್ ಚಾಲೂ ಇಟ್ಟು, ‘ಪಿ’ಯಲ್ಲಿ ನಿಲ್ಲಿಸಿ ನೋಡುತ್ತಾರೆ, ಕೆಲವುಗಳಲ್ಲಿ ಎಂಜಿನ್ ಆರಿಸಿದ ಕೂಡಲೇ ನೋಡುತ್ತಾರೆ, ಕೆಲವಕ್ಕೆ ಅಳತೆ ಕಡ್ಡಿಯೇ ಇರುವುದಿಲ್ಲ. ಆದ್ದರಿಂದ ಕಾರಿನ ಕೈಪಿಡಿಯೇ ಪ್ರಮಾಣ. ಮಟ್ಟ ಕಡಿಮೆಯಿದ್ದರೆ ತುಂಬಿಸಿದರಷ್ಟೇ ಸಾಲದು, ಎಲ್ಲಿ ಸೋರುತ್ತಿದೆ ಎಂದೂ ಹುಡುಕಬೇಕು. ಈ ಪರೀಕ್ಷೆಗಳನ್ನು ಮಕ್ಕಳು ಮಾಡಕೂಡದು. ಮೆಕ್ಯಾನಿಕ್ ಮಾಡುವಾಗ ದೂರದಿಂದ ಗಮನಿಸಬಹುದು.

ಮೌಲ್ಯಮಾಪನ

1. ರಿವರ್ಸ್ ಸರಿಯಾಗಿದೆ, 3ನೇ ಗೇರು ಮಾತ್ರ ಜಾರುತ್ತಿದೆ. ಪಂಪನ್ನು ಮೊದಲು ಶಂಕಿಸುವಿರಾ? ಕಾರಣ ಕೊಡಿ.
2. ಎಣ್ಣೆ, ಕೇಬಲ್, ಫಿಲ್ಟರ್ ಮೂರನ್ನೂ ಒಟ್ಟಿಗೇ ಬದಲಿಸಿದಾಗ ಕಾರು ಸರಿಹೋಯಿತು. ದೋಷ ಯಾವುದರಲ್ಲಿತ್ತು ಎಂದು ಹೇಳಬಹುದೇ?

ಗೃಹಪಾಠ

ಮನೆಯಲ್ಲಿ ಕೆಟ್ಟ ಯಾವುದಾದರೂ ವಸ್ತುವಿನ ಲಕ್ಷಣ, ಊಹೆ, ಪರೀಕ್ಷೆ, ತೀರ್ಮಾನಗಳನ್ನು ನಾಲ್ಕು ಕಾಲಮ್ಮುಗಳಲ್ಲಿ ಬರೆದು ತನ್ನಿ.

ಅವಲೋಕನ

ಎರಡನೆಯ ಪ್ರಶ್ನೆಗೆ ಮೊದಲು ಹೆಚ್ಚಿನವರು ‘ಹೇಳಬಹುದು’ ಎಂದರು. ಒಬ್ಬ ವಿದ್ಯಾರ್ಥಿನಿ, ‘ಮೂರೂ ಬದಲಿಸಿದ್ಮೇಲೆ ಯಾವುದು ಅಂತ ಹೆಂಗ್ ಗೊತ್ತಾಗತ್ತೆ ಸಾರ್?’ ಎಂದಾಗ ತರಗತಿ ಮರುಯೋಚಿಸಿತು. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಬೇಕೆಂಬ ಪ್ರಯೋಗದ ನಿಯಮವನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಹೇಳಿದರು. ಕಾರು ಇಲ್ಲದ ಮನೆಯ ಮಕ್ಕಳೂ ಮಿಕ್ಸಿ, ಸೈಕಲ್, ನೀರಿನ ಮೋಟಾರಿನ ಉದಾಹರಣೆ ಬರೆದು ತಂದರು. ಈ ಪಾಠ ಮಾಡುವವರು ಗೃಹಪಾಠದ ಚರ್ಚೆಗೆ ಕನಿಷ್ಠ 10 ನಿಮಿಷ ಮೀಸಲಿಡುವುದು ಒಳ್ಳೆಯದು.