ಹತ್ತು ಲಕ್ಷದ ಹೊಸ್ತಿಲು

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕ. ಐದು ಎಕರೆ ಖುಷ್ಕಿ ಜಮೀನಿದೆ, ಮೆಕ್ಕೆಜೋಳ ಹಾಕುತ್ತೇವೆ. ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು ಮತ್ತು ಎಪ್ಪತ್ತು ದಾಟಿದ ಅವ್ವ. ಮೊದಲ ಸಲ ಕಾರು ತಗೊಳ್ಳುತ್ತಿದ್ದೇವೆ. ದಾವಣಗೆರೆಯಲ್ಲಿ ಒಂದು ಚಿಕ್ಕ ಎಸ್‌ಯುವಿ ನೋಡಿ ಬಂದೆವು. ಎಕ್ಸ್ ಶೋರೂಮ್ ಬೆಲೆ ಮಧ್ಯದ ಮಾದರಿಗೆ 8.70 ಲಕ್ಷ, ಮೇಲಿನದಕ್ಕೆ 10.20 ಲಕ್ಷ. ಮೇಲಿನದರಲ್ಲಿ ಸನ್‌ರೂಫ್, ದೊಡ್ಡ ಟಚ್‌ಸ್ಕ್ರೀನ್, ಅಲಾಯ್ ಚಕ್ರ, 360 ಡಿಗ್ರಿ ಕ್ಯಾಮೆರಾ ಬರುತ್ತವೆ. ‘ಒಂದೂವರೆ ಲಕ್ಷಕ್ಕೆ ಇಷ್ಟೆಲ್ಲ ಸಿಗುತ್ತೆ ಸರ್, ಮತ್ತೆ ಮತ್ತೆ ಕಾರು ತಗೊಳ್ತೀರಾ’ ಅನ್ನುತ್ತಾರೆ ಶೋರೂಮಿನವರು. ಮಕ್ಕಳಿಗೆ ಸನ್‌ರೂಫ್ ಬೇಕೇ ಬೇಕು. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ಆ ಒಂದೂವರೆ ಲಕ್ಷದ ಲೆಕ್ಕವನ್ನೇ ಸರಿ ಮಾಡಿಕೊಳ್ಳೋಣ. ಮೇಲಿನ ಮಾದರಿಗೆ ನೀವು ಹೆಚ್ಚಾಗಿ ಕೊಡುವುದು ಎರಡು ಲಕ್ಷಕ್ಕೂ ಮೇಲೆ.

ನಮ್ಮ ರಾಜ್ಯದಲ್ಲಿ ಹೊಸ ಕಾರಿಗೆ ಕಟ್ಟುವ ಜೀವಿತಾವಧಿ ತೆರಿಗೆ ಜೋರಾಗಿದೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5 ಲಕ್ಷದವರೆಗೆ ಶೇ 13, ಅಲ್ಲಿಂದ 10 ಲಕ್ಷದವರೆಗೆ ಶೇ 14, 10 ದಾಟಿದರೆ ಶೇ 17, 20 ದಾಟಿದರೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಸೆಸ್. ಸಂಬಳದಾರರಾದ ನಿಮಗೆ ಆದಾಯ ತೆರಿಗೆಯ ಹಂತಗಳು ಗೊತ್ತು. ಅಲ್ಲಿ ಗೆರೆ ದಾಟಿದರೆ, ದಾಟಿದಷ್ಟು ಹಣಕ್ಕೆ ಮಾತ್ರ ಹೆಚ್ಚಿನ ದರ. ಕಾರಿನಲ್ಲಿ ಹಾಗಲ್ಲ. ಬೆಲೆ 10 ಲಕ್ಷ ದಾಟಿತೆಂದರೆ ಮೊದಲ ರೂಪಾಯಿಯಿಂದಲೂ ಶೇ 17 ಬೀಳುತ್ತದೆ.

ನಿಮ್ಮ ಎರಡು ಮಾದರಿಗೆ ಹಾಕಿ ನೋಡೋಣ. 8.70 ಲಕ್ಷದ ಕಾರಿಗೆ ತೆರಿಗೆ 1,21,800, ಸೆಸ್ 13,398, ಒಟ್ಟು 1,35,198 ರೂಪಾಯಿ. 10.20 ಲಕ್ಷದ ಕಾರಿಗೆ ತೆರಿಗೆ 1,73,400, ಸೆಸ್ 19,074, ಒಟ್ಟು 1,92,474. ಬರೀ ತೆರಿಗೆಯಲ್ಲೇ 57 ಸಾವಿರದ ಅಂತರ. ಅದನ್ನು ಒಂದೂವರೆ ಲಕ್ಷಕ್ಕೆ ಕೂಡಿಸಿದರೆ 2,07,276 ರೂಪಾಯಿ ಆಯಿತು. ವಿಮೆಯ ವ್ಯತ್ಯಾಸ ಇನ್ನೂ ಸೇರಿಲ್ಲ. 10 ಲಕ್ಷ ದಾಟಿದ ಕಾರಿಗೆ ಡೀಲರು ಶೇ 1 ಟಿಸಿಎಸ್, ಅಂದರೆ ಮಾರುವಾಗಲೇ ಹಿಡಿಯುವ ಆದಾಯ ತೆರಿಗೆಯನ್ನೂ ವಸೂಲಿ ಮಾಡುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ಸ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ. ಆದರೆ ಬೇಸಾಯವನ್ನೇ ನಂಬಿದ, ಎಂದೂ ರಿಟರ್ನ್ಸ್ ಸಲ್ಲಿಸದ ನಿಮ್ಮ ಪಕ್ಕದ ಹೊಲದವರು ಅಂಥ ಕಾರು ಕೊಂಡರೆ, ಆ ಹಣ ವಾಪಸ್ ಪಡೆಯಲಿಕ್ಕಾಗಿಯೇ ರಿಟರ್ನ್ಸ್ ಸಲ್ಲಿಸಬೇಕಾಗುತ್ತದೆ. ಅವರಿಗೂ ಹೇಳಿಡಿ.

ಇದನ್ನು ನಮ್ಮ ಸೀಮೆಯ ಅಳತೆಗೆ ತಂದರೆ ಇನ್ನೂ ಚೆನ್ನಾಗಿ ಕಾಣುತ್ತದೆ. 2025–26ಕ್ಕೆ ಕೇಂದ್ರ ಮೆಕ್ಕೆಜೋಳಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಬೆಲೆ ಪೂರ್ತಿ ಸಿಕ್ಕಿತೆಂದುಕೊಂಡರೂ 2.07 ಲಕ್ಷಕ್ಕೆ 86 ಕ್ವಿಂಟಲ್ ಬೇಕು. ಎಕರೆಗೆ 20 ಕ್ವಿಂಟಲ್ ಬಂದೀತೆಂದು ದೊಡ್ಡ ಮನಸ್ಸಿನಿಂದಲೇ ಹಿಡಿಯಿರಿ, ನಿಮ್ಮ ಐದೆಕರೆಯಲ್ಲಿ ನಾಲ್ಕೂಕಾಲು ಎಕರೆಯ ಒಂದಿಡೀ ಬೆಳೆ ಅಲ್ಲಿಗೆ ಹೋಯಿತು. ಅದೂ ಬೀಜ, ಗೊಬ್ಬರ, ಆಳು, ಒಕ್ಕಣೆಯ ಖರ್ಚು ಕಳೆಯದೆ. ಬೆಂಬಲ ಬೆಲೆ ಪೇಟೆಯಲ್ಲಿ ಸಿಗದೆ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದದ್ದನ್ನು ನೀವೇ ಕಂಡಿದ್ದೀರಿ. ಇನ್ನು ಈ ಹೆಚ್ಚುವರಿ ಹಣವನ್ನು ಸಾಲಕ್ಕೆ ಸೇರಿಸಿದಿರಿ ಅನ್ನಿ. ಶೇ 9ರ ಬಡ್ಡಿ, ಏಳು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 3,335 ರೂಪಾಯಿ. ತೀರುವ ಹೊತ್ತಿಗೆ 2.80 ಲಕ್ಷ ಕಟ್ಟಿರುತ್ತೀರಿ. ಶೋರೂಮಿನವರು ‘ತಿಂಗಳಿಗೆ ಮೂರು ಸಾವಿರ ಅಷ್ಟೇ’ ಅನ್ನುವಾಗ ಈ ಕೊನೆಯ ಅಂಕಿಯನ್ನು ಅವರಿಂದಲೇ ಕಾಗದದ ಮೇಲೆ ಬರೆಸಿಕೊಳ್ಳಿ.

ಹಣದ ಮಾತು ಇಷ್ಟು. ಇಷ್ಟು ಕೊಟ್ಟರೆ ಮನೆಗೆ ಏನು ಬರುತ್ತದೆ ಅನ್ನುವುದನ್ನು ನಿಮ್ಮ ಅವ್ವನಿಂದ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಅವರ ಹೆಸರು ಮನೆಯವರ ಪಟ್ಟಿಯಲ್ಲಿ ಬಂತೇ ಹೊರತು ಕಾರಿನ ಮಾತಿನಲ್ಲಿ ಬರಲಿಲ್ಲ.

ನಮ್ಮ ಮನೆಗೆ ಕಾರು ಕೊಳ್ಳುವಾಗ ನಾನೂ ಮೊದಲೆರಡು ಸಲ ಅಮ್ಮನನ್ನು ಬಿಟ್ಟೇ ಹೋಗಿದ್ದೆ. ಮೂರನೇ ಸಲ ಕರೆದುಕೊಂಡು ಹೋದೆ. ನಾನು ಮನಸ್ಸಿನಲ್ಲಿ ಆರಿಸಿಟ್ಟುಕೊಂಡಿದ್ದ ಸೆಡಾನ್‌ನ ಹಿಂಬಾಗಿಲು ತೆಗೆದು ಕೂರಿಸಿದೆವು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ನನ್ನ ಭುಜ ಹಿಡಿದು, ತಲೆ ಬಗ್ಗಿಸಿ, ಕೊನೆಯ ಗೇಣುದ್ದ ಧೊಪ್ಪನೆ ಕುಸಿದು ಕೂತರು. ‘ಬಾವಿಗೆ ಇಳಿದಂಗಾತಪ್ಪ’ ಅಂದರು. ಏಳಲು ಇಬ್ಬರು ಎತ್ತಬೇಕಾಯಿತು. ಪಕ್ಕದಲ್ಲಿದ್ದ ದೊಡ್ಡ ಎಸ್‌ಯುವಿಗೆ ಮೊಣಕಾಲು ಎತ್ತಿ ಹತ್ತುವುದೇ ಆಗಲಿಲ್ಲ. ಮೂರನೆಯದು ಎತ್ತರದ ಚಿಕ್ಕ ಕಾರು. ಅದರ ಸೀಟು ಅಮ್ಮನ ತೊಡೆಯ ಮಟ್ಟಕ್ಕೇ ಇತ್ತು. ಬೆನ್ನು ತಿರುಗಿಸಿ ನಿಂತು, ಹಾಗೇ ಕೂತು, ಆಮೇಲೆ ಎರಡೂ ಕಾಲು ಒಳಗೆ ತಂದುಕೊಂಡರು. ನಮ್ಮ ಆಯ್ಕೆ ಅಲ್ಲಿಗೆ ಮುಗಿಯಿತು. ಸೀಟಿನ ಎತ್ತರ ಎಷ್ಟಿದೆಯೆಂದು ಯಾವ ಕಂಪನಿಯೂ ಕರಪತ್ರದಲ್ಲಿ ಅಚ್ಚು ಹಾಕಿಸುವುದಿಲ್ಲ. ಮಂಡಿನೋವಿನ ಜೀವಕ್ಕೆ ಅದಕ್ಕಿಂತ ದೊಡ್ಡ ಫೀಚರ್ ಇಲ್ಲ. ನಿಮ್ಮ ಕಾರು ಎಲ್ಲಕ್ಕಿಂತ ಹೆಚ್ಚಾಗಿ ಹೋಗುವುದು ಐವತ್ತು ಕಿಲೋಮೀಟರ್ ಆಸುಪಾಸಿನ ದಾವಣಗೆರೆಯ ಆಸ್ಪತ್ರೆಗೆ, ಕೊಡದಗುಡ್ಡದ ಗುಡಿಗೆ, ನಾಯಕನಹಟ್ಟಿ ಜಾತ್ರೆಗೆ. ಮೂರೂ ಕಡೆ ಅವ್ವ ಇರುತ್ತಾರೆ.

ಇನ್ನು ಸನ್‌ರೂಫ್. ಮಕ್ಕಳ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲ ಕಾರಿನ ಸಂಭ್ರಮದಲ್ಲಿ ಅವರಿಗೂ ಪಾಲಿದೆ. ಆದರೆ ನಮ್ಮದು ಬಯಲುಸೀಮೆ. ಮಾರ್ಚಿನಿಂದ ಮೇ ತನಕದ ಬಿಸಿಲಿಗೆ ತಗಡಿನ ಚಾವಣಿಯೇ ಕಾದು ಕೆಂಡವಾಗುವಾಗ ಗಾಜಿನ ಚಾವಣಿ ಇನ್ನಷ್ಟು ಕಾವು ಒಳಗೆ ಬಿಡುತ್ತದೆ. ಪರದೆ ಎಳೆದು ಎಸಿ ಹೆಚ್ಚಿಸುವುದೇ ಗತಿ. ಸನ್‌ರೂಫಿನ ಚೌಕಟ್ಟಿನ ಮೂಲೆಗಳಲ್ಲಿ ಮಳೆನೀರು ಹರಿದುಹೋಗಲು ಸಣ್ಣ ಕೊಳವೆಗಳಿರುತ್ತವೆ. ಹೊಲದ ದಾರಿಯ ದೂಳು ಅದರಲ್ಲಿ ಕೂತರೆ ಮುಂದಿನ ಮಳೆಗೆ ನೀರು ಸೀಟಿನ ಮೇಲೆ ತೊಟ್ಟಿಕ್ಕುತ್ತದೆ. ಮಕ್ಕಳು ಅದನ್ನು ಕೇಳುವುದು ಮೇಲೆ ತಲೆ ಹಾಕಿ ನಿಲ್ಲುವುದಕ್ಕೆ. ಅದನ್ನು ನೀವು ಯಾವತ್ತೂ ಬಿಡಬಾರದು. ದಿಢೀರ್ ಬ್ರೇಕ್ ಒತ್ತಿದರೆ ಮಗು ಎದೆ ಕೊಟ್ಟು ಬಡಿಯುವುದು ಆ ಚೌಕಟ್ಟಿನ ಅಂಚಿಗೇ. ಇದನ್ನು ಮಕ್ಕಳಿಗೆ ನೇರವಾಗಿ ಹೇಳಿ. ಬಣ್ಣ ಆರಿಸುವ ಹಕ್ಕು ಅವರಿಗೇ ಬಿಡಿ.

ಅಲಾಯ್ ಚಕ್ರ ನೋಡಲು ಚೆಂದ, ನಿಜ. ಆದರೆ ದೊಡ್ಡ ಅಲಾಯ್ ಜೊತೆ ಬರುವ ಟೈರಿನ ಪಕ್ಕದ ಗೋಡೆ ಗಿಡ್ಡ. ಗುಂಡಿಗೆ ಬಿದ್ದಾಗ ಪೆಟ್ಟು ರಿಮ್ಮಿಗೆ ಬೇಗ ತಗಲುತ್ತದೆ, ಟೈರು ಉಬ್ಬುತ್ತದೆ. ಸ್ಟೀಲ್ ರಿಮ್ಮಿನ ಅಂಚು ಮಡಚಿದರೆ ಪಂಕ್ಚರ್ ಅಂಗಡಿಯಲ್ಲೇ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿಕೊಡುತ್ತಾರೆ. ಅಲಾಯ್ ಬಿರುಕು ಬಿಟ್ಟರೆ ಹೊಸದೇ ತರಬೇಕು. ಟಚ್‌ಸ್ಕ್ರೀನ್ ಎಂಟು ಇಂಚಿದ್ದರೇನು, ಹತ್ತಿದ್ದರೇನು, ದಾರಿ ಅದೇ. ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಸೆನ್ಸರ್ 2019ರ ಜುಲೈನಿಂದ ಎಲ್ಲ ಕಾರಿಗೂ ಕಡ್ಡಾಯ, ಕೆಳಗಿನ ಮಾದರಿಯಲ್ಲೂ ಇದ್ದೇ ಇರುತ್ತದೆ. ಕ್ಯಾಮೆರಾ ಬೇಕೆನಿಸಿದರೆ ಹಿಂದಿನದೊಂದನ್ನು ಆಮೇಲೆ ಹಾಕಿಸಿಕೊಳ್ಳಬಹುದು.

ಆಮೇಲೆ ಹಾಕಿಸಿಕೊಳ್ಳಲಾಗದ ವಸ್ತುಗಳ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಆರು ಏರ್‌ಬ್ಯಾಗ್, ಕಾರು ಅಡ್ಡಾದಿಡ್ಡಿ ಜಾರದಂತೆ ತಡೆಯುವ ಇಎಸ್‌ಸಿ, ಹಿಂದಿನ ಸೀಟಿನ ಮೂವರಿಗೂ ಭುಜದ ಮೇಲಿಂದ ಬರುವ ಬೆಲ್ಟ್, ಒಳ್ಳೆಯ ಹೆಡ್‌ಲೈಟ್, ಹಿಂದಿನ ಗಾಜಿನ ವೈಪರ್, ಹಿಂದೆ ಕೂತವರಿಗೆ ಎಸಿ ಗಾಳಿ ಇವು ಮಧ್ಯದ ಮಾದರಿಯಲ್ಲಿ ಇವೆಯೇ ಎಂದು ಒಂದೊಂದಾಗಿ ಕೇಳಿ. ಮೊದಲ ಮೂರರಲ್ಲಿ ಒಂದು ಇಲ್ಲವಾದರೂ ಬೇರೆ ಕಂಪನಿಯ ಮಧ್ಯದ ಮಾದರಿ ನೋಡಿ. ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ದೇಶದ ಅಪಘಾತ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ನಡೆಯುತ್ತಿದೆ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ, ಎರಡಕ್ಕೂ ಬೇರೆ ಬೇರೆ ಸ್ಟಾರ್. ಕಂಪನಿಗಳು ಒಪ್ಪಿ ಕಳಿಸಿದ ಕಾರಿಗೆ ಮಾತ್ರ ಪರೀಕ್ಷೆ. ಆದ್ದರಿಂದ ನಿಮ್ಮ ಕಾರಿಗೆ ಆಗಿದೆಯೇ ಎಂದು ಮೊದಲು ತಿಳಿದುಕೊಳ್ಳಿ, ಆಗಿದ್ದರೆ ಮಕ್ಕಳ ಅಂಕವನ್ನು ತಪ್ಪದೆ ನೋಡಿ. ದಾವಣಗೆರೆಯಿಂದ ಸಂಜೆ ಹೊರಟರೆ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾಗದ ದಿನವಿಲ್ಲ. ಹೆಡ್‌ಲೈಟಿನ ಬೆಲೆ ಅಲ್ಲಿ ಗೊತ್ತಾಗುತ್ತದೆ.

ನಮ್ಮ ರಸ್ತೆಯ ಇನ್ನೊಂದು ಅಪಾಯವನ್ನು ಹೊಸದಾಗಿ ಓಡಿಸುವ ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಟಾರು ರಸ್ತೆಗೇ ಹರವಿ ಒಕ್ಕಣೆ ಮಾಡುತ್ತಾರಲ್ಲ, ಆ ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿ, ಕಾರು ಹೊತ್ತಿ ಉರಿದ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ಆಗಿವೆ. ಇದಕ್ಕೆ ಯಾವ ಎಸ್‌ಯುವಿಯ ಎತ್ತರವೂ ಸಾಲದು. ನಿಲ್ಲಿಸಿ, ಒಂದು ಪಕ್ಕ ಸರಿಸಿಕೊಡಿ ಎಂದು ಕೇಳಿ, ಆಮೇಲೆ ದಾಟಿ. ನೆಲದಿಂದ ಕಾರಿನ ಎತ್ತರ ಬೇಕಾಗುವುದು ಹಂಪುಗಳಿಗೆ. ಅದನ್ನು ಒಬ್ಬರೇ ಕೂತು ಪರೀಕ್ಷಿಸಬೇಡಿ, ಐದೂ ಜನ ಕೂತಾಗ ಕಾರು ಎಷ್ಟು ಕುಗ್ಗುತ್ತದೆ ನೋಡಿ.

ಡಿಕ್ಕಿಯ ಮಾತೂ ಇದೆ. ಹೊಲ ಇರುವ ಮನೆಯ ಕಾರು ಒಂದಲ್ಲ ಒಂದು ದಿನ ಚೀಲ ಹೊರುತ್ತದೆ. ಟಾಟಾ ನ್ಯಾನೊ ನೆನಪಿದೆಯೇ? 2008ರಲ್ಲಿ ಲಕ್ಷ ರೂಪಾಯಿಯ ಕಾರೆಂದು ಜಗತ್ತೇ ತಿರುಗಿ ನೋಡಿತ್ತು. ಆದರೆ ಮೊದಲ ನ್ಯಾನೊಗಳಲ್ಲಿ ಹಿಂಬಾಗಿಲು ತೆರೆಯುತ್ತಲೇ ಇರಲಿಲ್ಲ. ಸಾಮಾನು ಇಡಬೇಕೆಂದರೆ ಹಿಂದಿನ ಸೀಟು ಮಡಚಬೇಕಿತ್ತು. ತೆರೆಯುವ ಹಿಂಬಾಗಿಲು ಬಂದದ್ದು 2015ರಲ್ಲಿ, ಅಷ್ಟರಲ್ಲಿ ಹೊತ್ತು ಮೀರಿತ್ತು. ನಮ್ಮ ಬಿಡದಿಯಲ್ಲೇ ತಯಾರಾಗಿ 2000ದಲ್ಲಿ ಬಂದ ಟೊಯೊಟ ಕ್ವಾಲಿಸ್‌ನ ಕಥೆ ಬೇರೆ. ಪೆಟ್ಟಿಗೆಯಂಥ ಹಳೇ ಆಕಾರವೆಂದು ಪಟ್ಟಣದವರು ಮೂಗು ಮುರಿದರು. ಮನೆಮಂದಿಯೆಲ್ಲ ಹಿಡಿಸುತ್ತಾರೆ, ಗಟ್ಟಿ ಬಾಳುತ್ತದೆ ಎಂದು ಜನ ಅದನ್ನೇ ಕೊಂಡರು. 2005ರಲ್ಲಿ ಕಂಪನಿ ನಿಲ್ಲಿಸಿದ ಮೇಲೂ ಅದು ವರ್ಷಗಟ್ಟಲೆ ನಮ್ಮ ರಸ್ತೆಗಳಲ್ಲಿ ಓಡಿತು. ಯಾರಾದರೂ ಸಿಎನ್‌ಜಿ ತಗೊಳ್ಳಿ ಎಂದರೆ ಈ ಡಿಕ್ಕಿಯ ಮಾತು ಮರೆಯಬೇಡಿ. ಸಿಲಿಂಡರು ಸಾಮಾನ್ಯವಾಗಿ ಕೂರುವುದು ಅಲ್ಲೇ. ಶಾಲೆಗೆ ಬೈಕಿನಲ್ಲೇ ಹೋಗಿ, ಕಾರನ್ನು ವಾರಕ್ಕೊಮ್ಮೆ ತೆಗೆಯುವವರಿಗೆ ಅದರ ಹೆಚ್ಚಿನ ಬೆಲೆ ಬೇಗ ಹುಟ್ಟುವುದೂ ಇಲ್ಲ.

ಉಳಿದ ಮೂರು ಸಣ್ಣ ಮಾತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಅಥವಾ 1500 ಸಿಸಿ ಮೀರದ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ 18, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ 40. ಚಿಕ್ಕದಾಗಿ ಕಂಡ ಕಾರಿಗೆಲ್ಲ ಶೇ 18 ಅಂದುಕೊಳ್ಳಬೇಡಿ, ಎಂಜಿನ್ ಅಳತೆ ಕೇಳಿ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗೂ ದರ ವಿಚಾರಿಸಿ, ಅವರ ಮುಂದಿಡಿ, ಇಳಿಸುತ್ತಾರೆ. ಕೊಟೇಶನ್ನಿನಲ್ಲಿ ಕೋಟಿಂಗು, ಸೀಟ್ ಕವರು, ಆಕ್ಸೆಸರಿ ಪ್ಯಾಕು ಎಂದು ಸೇರಿಸಿದ್ದರೆ ಬೇಡವಾದದ್ದಕ್ಕೆ ಗೆರೆ ಎಳೆದು ವಾಪಸ್ ಕೊಡಿ.

ನನ್ನ ಆಯ್ಕೆ ಮಧ್ಯದ ಮಾದರಿ, ಆ ಏರ್‌ಬ್ಯಾಗ್, ಇಎಸ್‌ಸಿ, ಬೆಲ್ಟ್ ಅದರಲ್ಲಿ ಇದ್ದರೆ. ಮೇಲಿನದನ್ನೇ ಕೊಳ್ಳುವ ಮನಸ್ಸಿದ್ದರೆ ಎರಡರ ನಡುವೆ 10 ಲಕ್ಷ ಮುಟ್ಟದ ಇನ್ನೊಂದು ಮಾದರಿ ಇದೆಯೇ ಕೇಳಿ, ಬಹಳ ಕಂಪನಿಗಳು ಆ ಗೆರೆಯ ಈಚೆಗೇ ಒಂದನ್ನು ನಿಲ್ಲಿಸಿರುತ್ತವೆ. ಮುಂಗಡ ಕೊಡುವ ಮುನ್ನ ಟೆಸ್ಟ್ ಡ್ರೈವ್ ಒಂದನ್ನು ಸಂಜೆ ಕತ್ತಲಾದ ಮೇಲೆ ಕೇಳಿ. ಹೆದ್ದಾರಿಗೆ ಕರೆದೊಯ್ದರೆ ಬೇಡ ಅನ್ನಿ, ಜಗಳೂರಿನ ದಾರಿಗೇ ತಿರುಗಿಸಿ. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರ ನಡುವೆ ಅಲ್ಲ, ಬಾಗಿಲ ಪಕ್ಕ ಅವ್ವ ಕೂತಿರಲಿ. ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ, ಅವರೇ ಬಾಗಿಲು ತೆಗೆದು ಇಳಿಯುವುದನ್ನು ಕೈ ಕೊಡದೆ ಒಮ್ಮೆ ನೋಡಿ. ಯಾವುದು ಕೊಂಡಿರಿ ಎಂದು ಬರೆಯಿರಿ.