ಹಳೆಯ ಡೀಸೆಲ್ ಸೆಡಾನ್ ಕೊಳ್ಳುವ ಮುನ್ನ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರೇ, ನಾಲ್ಕು ಮೀಟರಿನೊಳಗಿನ ಡೀಸೆಲ್ ಸೆಡಾನ್ ಬೇಕೆಂದರೆ ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು. 2020ರ ಬಿಎಸ್-6 ನಿಯಮದ ಹೊತ್ತಿಗೆ ಡಿಜೈರ್ ಡೀಸೆಲ್ ನಿಂತಿತು. ಅಹಮದಾಬಾದ್ ಪಕ್ಕದ ಸಾಣಂದದಲ್ಲೇ ತಯಾರಾಗುತ್ತಿದ್ದ ಫೋರ್ಡ್ ಆಸ್ಪೈರ್ 2021ರಲ್ಲಿ ನಿಂತಿತು.

ಎಂಜಿನ್ ತಣ್ಣಗಿರುವಾಗಲೇ ಹೋಗಿ ನೀವೇ ಸ್ಟಾರ್ಟ್ ಮಾಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ದಾಕ್ಷಿಣ್ಯ ಬೇಡ, ಇನ್ನೊಂದು ದಿನ ಬರುತ್ತೇನೆ ಎನ್ನಿ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ ಎಂದೇ ಲೆಕ್ಕ. ಸೂರತ್‌ನಲ್ಲಿ ಫ್ಲೈಓವರ್‌ಗಳಿಗೆ ಕೊರತೆಯಿಲ್ಲ. ಮನೆಮಂದಿಯನ್ನು ಕೂರಿಸಿಕೊಂಡು, ಎಸಿ ಹಾಕಿ, ನಿಧಾನವಾಗಿ ಹತ್ತಿಸಿ ಎಳೆತ ನೋಡಿ. ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಯಲ್ಲಿ ತುಸು ದೂರ 90ರ ವೇಗದಲ್ಲಿ ಓಡಿಸಿ, ಸ್ಟಿಯರಿಂಗ್ ನಡುಗುತ್ತದೆಯೇ ಗಮನಿಸಿ.

ದಿನಕ್ಕೆ ಹತ್ತೇ ಕಿಲೋಮೀಟರ್ ಓಡಿಸುವವರಾದರೆ ಡೀಸೆಲ್ ಬೇಡವೇ ಬೇಡ. ಬದಲಿಗೆ ಸಿಎನ್‌ಜಿ ಕಾರು ನೋಡಿ; ಗುಜರಾತಿನಲ್ಲಿ ಸಿಎನ್‌ಜಿ ಬಂಕ್‌ಗಳು ಬೇಕಾದಷ್ಟಿವೆ.