ವಿಎಂ ಫೈಲ್ ತಿದ್ದುವ ಮುನ್ನ: ಪಾತ್ ಕೆಡದಿರಲು ಒಂಬತ್ತು ಸೂತ್ರ

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ವರ್ಚುವಲ್ ಮಷಿನ್ ಹೊಸದಕ್ಕೆ ಬಂದ ಕೂಡಲೇ 'ಡಿಸ್ಕ್ ಫೈಲ್ ಸಿಗುತ್ತಿಲ್ಲ' ಎಂದು ಮುಷ್ಕರ ಹೂಡುತ್ತದೆ. ಡಿಸ್ಕ್ ನೋಡಿದರೆ ಅದೇ ಫೋಲ್ಡರ್‌ನಲ್ಲಿ, ಕಣ್ಣೆದುರೇ ಇರುತ್ತದೆ. ಹಲವು ಸಲ ಕೆಟ್ಟಿರುವುದು ಡಿಸ್ಕ್ ಅಲ್ಲ, ಅದರ ವಿಳಾಸ, ಅಂದರೆ ಪಾತ್. ವಿಂಡೋಸ್ ಒಂದು ಬಗೆಯಲ್ಲಿ ಬರೆಯುತ್ತದೆ, ಲಿನಕ್ಸ್ ಇನ್ನೊಂದು ಬಗೆಯಲ್ಲಿ. ನಡುವೆ ನಿಂತ ವಿಎಂಗೆ ಎರಡೂ ಬೇಕು.

1. ಮೊದಲು ವಿಎಂ ಪೂರ್ತಿ ಆಫ್ ಮಾಡಿ. ಸಸ್ಪೆಂಡ್ ಸಾಲದು. ಸೆಟ್ಟಿಂಗ್ಸ್ ಫೈಲಿನ ನಕಲೊಂದನ್ನು ಬೇರೆ ಕಡೆ ಇಟ್ಟುಕೊಳ್ಳಿ. ವರ್ಚುವಲ್‌ಬಾಕ್ಸ್ ತೆರೆದಿರುವಾಗ ಅದರ ಎಕ್ಸ್‌ಎಂಎಲ್ ಫೈಲನ್ನು ತಿದ್ದಿದರೆ ನೀವು ಬರೆದದ್ದು ಆಮೇಲೆ ಅಳಿಸಿಹೋಗುತ್ತದೆ. ಆ ಫೈಲಿನ ತಲೆಯಲ್ಲೇ ಈ ಎಚ್ಚರಿಕೆ ಇದೆ, ಓದುವವರು ಕಡಿಮೆ. ಲಿಬ್‌ವಿರ್ಟ್ ಬಳಸುವವರು ಎಕ್ಸ್‌ಎಂಎಲ್‌ಗೆ ನೇರ ಕೈ ಹಾಕದೆ 'ವಿರ್ಶ್ ಎಡಿಟ್' ಮೂಲಕವೇ ಹೋಗಬೇಕು.

2. 'ಈ ಪಾತ್ ಓದುವವರು ಯಾರು?' ಎಂದು ಕೇಳಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಸೂತ್ರ ಇದೇ. ವಿಂಡೋಸ್‌ನಲ್ಲಿ ಡಿ:\ವಿಎಂ\ಉಬುಂಟು ಎಂದಿರುವ ಫೋಲ್ಡರ್ ವಿಂಡೋಸ್ ಮೇಲೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಒಳಗೆ /ಎಂಎನ್‌ಟಿ/ಡಿ/ವಿಎಂ/ಉಬುಂಟು ಆಗುತ್ತದೆ, ಗಿಟ್ ಬ್ಯಾಷ್‌ನಲ್ಲಿ /ಡಿ/ವಿಎಂ/ಉಬುಂಟು. ವಿಎಂವೇರ್‌ನ ಸೆಟ್ಟಿಂಗ್ಸ್ ಇರುವ ವಿಎಂಎಕ್ಸ್ ಫೈಲನ್ನು ನೀವು ಡಬ್ಲ್ಯೂಎಸ್‌ಎಲ್‌ನಲ್ಲಿ ಕೂತು ವಿಮ್‌ನಿಂದ ತಿದ್ದಬಹುದು. ಆದರೆ ಅದನ್ನು ಓದುವುದು ವಿಂಡೋಸ್ ಮೇಲಿನ ವಿಎಂವೇರ್. ಹಾಗಾಗಿ ಒಳಗೆ ಇರಬೇಕಾದದ್ದು ವಿಂಡೋಸ್ ಶೈಲಿಯ ಪಾತ್. ತಿದ್ದುವವರ ಅನುಕೂಲ ಇಲ್ಲಿ ಲೆಕ್ಕಕ್ಕಿಲ್ಲ.

3. ಆದಷ್ಟೂ ಪೂರ್ಣ ವಿಳಾಸ ಬೇಡ. ಡಿಸ್ಕ್ ಮತ್ತು ಸೆಟ್ಟಿಂಗ್ಸ್ ಒಂದೇ ಫೋಲ್ಡರ್‌ನಲ್ಲಿದ್ದರೆ ಬರೀ ಫೈಲಿನ ಹೆಸರು ಸಾಕು. ಡ್ರೈವ್ ಅಕ್ಷರವೂ ಇಲ್ಲ, ಸ್ಲ್ಯಾಶ್ ಜಗಳವೂ ಇಲ್ಲ. ಮನೆ ಬದಲಾಯಿಸಿದರೂ ಅಡುಗೆಮನೆಯಿಂದ ಪಡಸಾಲೆಗೆ ಯಾರೂ ಪಿನ್‌ಕೋಡ್ ಹೇಳುವುದಿಲ್ಲವಲ್ಲ.

4. ಸ್ಲ್ಯಾಶ್ ಕಂಡು ಗಾಬರಿಯಾಗಬೇಡಿ. 1981ರ ಎಂಎಸ್-ಡಾಸ್‌ನಲ್ಲಿ ಫೋಲ್ಡರ್‌ಗಳೇ ಇರಲಿಲ್ಲ. ಮುಂದೆ ಬಾಗಿದ ಸ್ಲ್ಯಾಶ್ ಆಗಲೇ ಕಮಾಂಡ್ ಆಯ್ಕೆಗಳ ಪಾಲಾಗಿತ್ತು. 1983ರಲ್ಲಿ ಎರಡನೇ ಆವೃತ್ತಿ ಫೋಲ್ಡರ್ ತಂದಾಗ ಬ್ಯಾಕ್‌ಸ್ಲ್ಯಾಶ್ ಹಿಡಿಯಬೇಕಾಯಿತು. ಆ ಸಂಕಟ ಇವತ್ತಿಗೂ ನಮ್ಮ ಬೆನ್ನಿಗಿದೆ. ಹಾಗಿದ್ದರೂ ಇಂದಿನ ವಿಂಡೋಸ್‌ನ ಬಹುತೇಕ ಪ್ರೋಗ್ರಾಂಗಳು ಮುಂದೆ ಬಾಗಿದ ಸ್ಲ್ಯಾಶನ್ನೂ ಒಪ್ಪುತ್ತವೆ. ಲಿನಕ್ಸ್ ಮಾತ್ರ ಅಷ್ಟು ಉದಾರಿಯಲ್ಲ: ಅಲ್ಲಿ ಬ್ಯಾಕ್‌ಸ್ಲ್ಯಾಶ್ ಎಂದರೆ ಫೈಲ್ ಹೆಸರಿನೊಳಗಿನ ಮಾಮೂಲಿ ಅಕ್ಷರ.

5. ಒಂದು ಬ್ಯಾಕ್‌ಸ್ಲ್ಯಾಶೋ ಎರಡೋ, ಫೈಲ್ ನೋಡಿ ನಿರ್ಧರಿಸಿ. ವಿಎಂಎಕ್ಸ್‌ನಲ್ಲಿ ಒಂದೇ ಸಾಕು. ಜೆಸನ್‌ನಲ್ಲಿ ಎರಡು ಬೇಕು. ವೇಗ್ರಂಟ್ ಫೈಲ್ ಬರೆಯುವುದು ರೂಬಿ ಭಾಷೆಯಲ್ಲಿ. ಅಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಬ್ಯಾಕ್‌ಸ್ಲ್ಯಾಶ್ ಮುಂದೆ 'ಎನ್' ಬಂದರೆ ಹೊಸ ಸಾಲು, 'ಟಿ' ಬಂದರೆ ಟ್ಯಾಬ್. 'ನ್ಯೂ', 'ಟೆಸ್ಟ್' ಎಂಬ ಹೆಸರಿನ ಫೋಲ್ಡರ್‌ಗಳು ಯಾರ ಡ್ರೈವ್‌ನಲ್ಲಿಲ್ಲ ಹೇಳಿ! ಅಲ್ಲೆಲ್ಲ ಮುಂದೆ ಬಾಗಿದ ಸ್ಲ್ಯಾಶ್ ಬಳಸಿ ನಿಶ್ಚಿಂತೆಯಾಗಿರಿ.

6. ಸ್ನ್ಯಾಪ್‌ಶಾಟ್ ಸರಪಳಿಯನ್ನು ಮರೆಯಬೇಡಿ. ಜನ ಹೆಚ್ಚಾಗಿ ಎಡವುವುದು ಇಲ್ಲೇ. ವಿಎಂವೇರ್, ಕ್ಯೂಎಮುಗಳಲ್ಲಿ ಸ್ನ್ಯಾಪ್‌ಶಾಟ್‌ನಿಂದ ಹುಟ್ಟಿದ ಡಿಸ್ಕ್ ತನ್ನ ಹಿಂದಿನ ಡಿಸ್ಕಿನ ಪಾತ್ ಬರೆದಿಟ್ಟುಕೊಂಡಿರುತ್ತದೆ. ಸೆಟ್ಟಿಂಗ್ಸ್ ಫೈಲ್ ಸರಿಪಡಿಸಿ ಇದನ್ನು ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ವಿಎಂವೇರ್‌ನಲ್ಲಿ ಈ ಪಾತ್ ಇರುವ ಸಾಲು ವಿಎಂಡಿಕೆ ಡಿಸ್ಕ್ ಫೈಲಿನ ವಿವರಣೆಯ ಭಾಗದಲ್ಲಿರುತ್ತದೆ. ಆ ವಿವರಣೆ ಪ್ರತ್ಯೇಕ ಸಣ್ಣ ಪಠ್ಯ ಫೈಲ್ ಆಗಿದ್ದರೆ ಧೈರ್ಯವಾಗಿ ತಿದ್ದಬಹುದು. ಇಡೀ ಡಿಸ್ಕ್ ಒಂದೇ ದೊಡ್ಡ ಫೈಲ್ ಆಗಿದ್ದರೆ ವಿವರಣೆ ಅದರೊಳಗೇ ಹುದುಗಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಸೇವ್ ಒತ್ತಿದರೆ ಡಿಸ್ಕಿನ ಕತೆ ಮುಗಿಯಿತು. ಫೈಲಿನ ಗಾತ್ರ ನೋಡಿ: ಕೆಲವು ಕೆಬಿಯೋ, ಹಲವು ಜಿಬಿಯೋ?

ಕ್ಯೂಎಮುವಿನ ಕ್ಯೂಕೌ2 ಡಿಸ್ಕ್‌ಗಳಿಗೆ 'ಕ್ಯೂಎಮು-ಇಮ್‌ಜಿ ಇನ್ಫೋ' ಕಮಾಂಡ್ 'ಬ್ಯಾಕಿಂಗ್-ಚೈನ್' ಆಯ್ಕೆಯೊಂದಿಗೆ ಇಡೀ ಸರಪಳಿಯನ್ನು ತೋರಿಸುತ್ತದೆ, 'ರೀಬೇಸ್' ಕಮಾಂಡ್ ಪಾತ್ ಬದಲಿಸುತ್ತದೆ. ಅದರ 'ಮೈನಸ್ ಯು' ಆಯ್ಕೆ ಹೊಸ ಡಿಸ್ಕ್ ಹಳೆಯದೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದೇ ಇಲ್ಲ. ಆ ಹೊಣೆ ನಿಮ್ಮದು. ಇನ್ನೊಂದು ವಿಷಯ: ಅಲ್ಲಿ ಸಾಪೇಕ್ಷ ಪಾತ್ ಕೊಟ್ಟರೆ ಅದನ್ನು ಅಳೆಯುವುದು ನೀವು ನಿಂತ ಫೋಲ್ಡರ್‌ನಿಂದಲ್ಲ, ಮೇಲಿನ ಡಿಸ್ಕ್ ಇರುವ ಫೋಲ್ಡರ್‌ನಿಂದ. ಯಾವುದೇ ತಂತ್ರಾಂಶವಿರಲಿ, 'ಒಮ್ಮೆ ನೋಡೋಣ' ಎಂದು ಬುಡದ ಡಿಸ್ಕನ್ನೇ ಬೂಟ್ ಮಾಡಬೇಡಿ. ಅದು ಬದಲಾದರೆ ಮೇಲಿನ ಸ್ನ್ಯಾಪ್‌ಶಾಟ್‌ಗಳಿಗೆ ನೆಲೆಯಿಲ್ಲ.

7. ದೊಡ್ಡಕ್ಷರ, ಚಿಕ್ಕಕ್ಷರ ಗಮನಿಸಿ. ಇಂಗ್ಲಿಷಿನ ದೊಡ್ಡ 'ಯು'ನಿಂದ ಬರೆದ ಉಬುಂಟು, ಚಿಕ್ಕ 'ಯು'ನಿಂದ ಬರೆದ ಉಬುಂಟು ವಿಂಡೋಸ್‌ಗೆ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಇಟ್ಟುಬಿಡಿ.

8. ಡಿಸ್ಕ್ ಫೈಲಿಗೆ ಕನ್ನಡದ ಹೆಸರು ಬೇಡ. ಹೀಗೆ ಹೇಳಲು ಬೇಸರವೇ, ಆದರೆ ಕಾರಣವಿದೆ. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕ್ಷ' ಕಣ್ಣಿಗೆ ಒಂದೇ ಅಕ್ಷರ, ಲೆಕ್ಕದಲ್ಲಿ ಕಕಾರ, ವಿರಾಮ, ಷಕಾರ ಸೇರಿ 9 ಬೈಟ್. ಮೇಲಾಗಿ ಫೈಲನ್ನು ಬೇರೆ ಎನ್‌ಕೋಡಿಂಗ್‌ನಲ್ಲಿ ಉಳಿಸಿದರೆ ಪಾತ್ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ವಿಂಡೋಸ್‌ನ ಹಳೆಯ 260 ಅಕ್ಷರಗಳ ಮಿತಿಯೂ ಹಲವು ಪ್ರೋಗ್ರಾಂಗಳಲ್ಲಿ ಇನ್ನೂ ಜೀವಂತ. ಕನ್ನಡವನ್ನು ವಿಎಂನ ಟಿಪ್ಪಣಿಯಲ್ಲಿ ಧಾರಾಳವಾಗಿ ಬರೆಯಿರಿ. ಫೈಲಿನ ಹೆಸರು ಚಿಕ್ಕದಾಗಿ, ಖಾಲಿ ಜಾಗವಿಲ್ಲದೆ ಇರಲಿ.

9. ಪರಿವರ್ತನೆಯನ್ನು ಸಾಧನಕ್ಕೆ ಬಿಡಿ, ಅದರ ಅತಿಜಾಣತನಕ್ಕೆ ಕಡಿವಾಣ ಹಾಕಿ. ಡಬ್ಲ್ಯೂಎಸ್‌ಎಲ್‌ನಲ್ಲಿ 'ಡಬ್ಲ್ಯೂಎಸ್‌ಎಲ್‌ಪಾತ್', ಸಿಗ್‌ವಿನ್‌ನಲ್ಲಿ 'ಸಿಗ್‌ಪಾತ್' ಎರಡೂ ದಿಕ್ಕಿಗೆ ಬದಲಿಸಿಕೊಡುತ್ತವೆ. ಗಿಟ್ ಬ್ಯಾಷ್ ಮಾತ್ರ ಕೇಳದೆಯೇ ಬದಲಿಸುತ್ತದೆ: ವಿಎಂ ಒಳಗಿನ /ಹೋಮ್ ಎಂಬ ಪಾತನ್ನು ವಿಂಡೋಸ್ ಪ್ರೋಗ್ರಾಂಗೆ ಕೊಟ್ಟರೆ ಅದರ ಮುಂದೆ ಗಿಟ್ ಇನ್‌ಸ್ಟಾಲ್ ಆದ ಫೋಲ್ಡರ್ ಅಂಟಿಕೊಳ್ಳುತ್ತದೆ. 'ಎಂಸಿಸ್ ನೋ ಪಾತ್‌ಕನ್ವ್' ಎಂಬ ವೇರಿಯಬಲ್‌ಗೆ 1 ಕೊಟ್ಟರೆ ಈ ಕಾಟ ನಿಲ್ಲುತ್ತದೆ.

ಇಷ್ಟಾದರೂ ವಿಎಂ ಏಳದಿದ್ದರೆ ಊಹಿಸುತ್ತ ಮತ್ತೆ ಮತ್ತೆ ತಿದ್ದಬೇಡಿ. ಲಾಗ್ ತೆರೆದು ಡಿಸ್ಕಿನ ಹೆಸರು ಹುಡುಕಿ. ಯಾವ ಪಾತ್ ತೆರೆಯಲು ಹೋಗಿ ಸೋತಿತು ಎಂಬುದು ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ವಿಎಂವೇರ್‌ನ ಲಾಗ್ ವಿಎಂ ಫೋಲ್ಡರ್‌ನಲ್ಲೇ ಇರುತ್ತದೆ, ವರ್ಚುವಲ್‌ಬಾಕ್ಸ್‌ನದು ಅದೇ ಫೋಲ್ಡರ್‌ನೊಳಗಿನ 'ಲಾಗ್ಸ್'ನಲ್ಲಿ.